ಒಂದೇ ಕಂಗಿನಿಂದ ಇಡೀ ತೋಟ: ರಬ್ಬರ್ ಅಚ್ಚಿನಲ್ಲಿ ಹೊಸ ವರ್ಷದ ಕಾರ್ಡ್ ಮಾಡುವ ಬಗೆ

ಡಿಸೆಂಬರ್ ಹತ್ತಿರ ಬಂದ ಹಾಗೆ ಕೇಳುವವರು ಜಾಸ್ತಿಯಾಗುತ್ತಾರೆ. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಟೀಚರುಗಳು, ರಜೆಯಲ್ಲಿ ಮಕ್ಕಳ ಕೈಗೆ ಏನಾದರೂ ಕೆಲಸ ಕೊಡಬೇಕೆನ್ನುವ ತಾಯಂದಿರು, ಊರು ಬಿಟ್ಟು ಹೋದ ಅಣ್ಣತಮ್ಮಂದಿರಿಗೆ ಊರಿನ ಚಿತ್ರವನ್ನೇ ಕಳಿಸಬೇಕು ಎನ್ನುವವರು. ಎಲ್ಲರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: "ಸ್ಟ್ಯಾಂಪ್ ಒತ್ತಿದರೆ ಚಿತ್ರಗಳು ಅಲ್ಲೊಂದು ಇಲ್ಲೊಂದು ಚೆಲ್ಲಿದ ಹಾಗೆ ಕಾಣುತ್ತವೆ, ಒಂದು ದೃಶ್ಯ ಆಗುವುದೇ ಇಲ್ಲ. ಇನ್ನೂ ಎಷ್ಟು ಸ್ಟ್ಯಾಂಪ್ ತೆಗೆದುಕೊಳ್ಳಬೇಕು?"

ಇನ್ನು ಒಂದನ್ನೂ ತೆಗೆದುಕೊಳ್ಳಬೇಡಿ. ನಾಲ್ಕು ಅಚ್ಚು ಸಾಕು, ಅವನ್ನೂ ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ನಾವೇ ಕೊರೆದುಕೊಳ್ಳಬಹುದು. ಕಾರ್ಡಿನಲ್ಲಿ ದೂರ-ಹತ್ತಿರ ಕಾಣುವುದು ಎರಡು ವಿಷಯಗಳಿಂದ: ಅಚ್ಚಿನಲ್ಲಿ ಎಷ್ಟು ಶಾಯಿ ಉಳಿದಿದೆ, ಯಾವುದರ ನಂತರ ಯಾವುದನ್ನು ಒತ್ತುತ್ತೀರಿ. ಇವೆರಡನ್ನು ಹಿಡಿದುಕೊಂಡರೆ ಒಂದೇ ಕಂಗಿನ ಅಚ್ಚಿನಿಂದ ಇಡೀ ತೋಟ ಎಬ್ಬಿಸಬಹುದು. ಕಂಗು ಎಂದರೆ ಅಡಕೆ ಮರ. ಘಟ್ಟದ ಮೇಲಿನ ಓದುಗರಿಗಾಗಿ ಹೇಳಿದೆ.

ಪೇಟೆಯಲ್ಲಿ ಸಿಗುವ ಸಿದ್ಧ ಸ್ಟ್ಯಾಂಪುಗಳಲ್ಲಿ ಹಿಮ ಬಿದ್ದ ಮರ, ಹೊಗೆಕೊಳವೆಯ ಮನೆ, ಜಾರುಬಂಡಿ ಎಲ್ಲ ಇರುತ್ತವೆ. ಸೋಗೆ ಇಳಿಬಿಟ್ಟ ಕಂಗು, ಹೆಂಚಿನ ಮಾಡು, ತೋಡಿಗೆ ಅಡ್ಡ ಹಾಕಿದ ಸಂಕ (ಕಾಲುಸೇತುವೆ) ಅವುಗಳಲ್ಲಿ ನನಗೆ ಇದುವರೆಗೆ ಸಿಕ್ಕಿಲ್ಲ. ನಮ್ಮ ತೋಟ ನಮ್ಮ ಕಾರ್ಡಿನಲ್ಲಿ ಇರಬೇಕು ಎಂಬ ಆಸೆಯಿಂದಲೇ ನಾನು ರಬ್ಬರ್ ಕೊರೆಯಲು ಕೂತದ್ದು. ಇಲ್ಲಿ ಹೇಳುವ ದೃಶ್ಯ ಧನು ತಿಂಗಳ ಬೆಳಗಿನದ್ದು: ಹಿಂದೆ ಗುಡ್ಡೆ, ನಡುವೆ ಮಂಜು, ಒಂದು ಹೆಂಚಿನ ಮನೆ, ಕಂಗುಗಳು, ಎದುರಿಗೆ ಸಂಕ. ಈ ತಿಂಗಳಿನಲ್ಲಿ ಅಡಕೆಯೂ ಹಣ್ಣಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ, ಶಾಯಿಯೂ ಬೇಗ ಒಣಗುತ್ತದೆ.

ಏನೇನು ಬೇಕು

ಕಾಗದ: ಎ4 ಅಳತೆಯ ಐವರಿ ಶೀಟ್, 250ರಿಂದ 300 ಜಿಎಸ್‌ಎಂ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಸಂಖ್ಯೆ ಹೆಚ್ಚಾದಷ್ಟು ಕಾಗದ ದಪ್ಪ. ಚಿತ್ರ ಒತ್ತಲು ಬೇರೆಯೇ ಒಂದು ಹಾಳೆ, ನುಣುಪಾದ ಡ್ರಾಯಿಂಗ್ ಶೀಟ್. ಮದುವೆ ಕರೆಯೋಲೆಯ ಹೊಳಪಿನ ಕಾಗದ ಬೇಡವೇ ಬೇಡ. ಮೊದಲ ವರ್ಷ ಒಂದು ಅಂಗಡಿಯವರು "ಇದೇ ಒಳ್ಳೆಯದು" ಎಂದು ಕೊಟ್ಟ ಹೊಳಪಿನ ಹಾಳೆಯಲ್ಲಿ ಹನ್ನೆರಡು ಕಾರ್ಡ್ ಮಾಡಿದ್ದೆ. ಮರುದಿನ ಬೆಳಗ್ಗೆ ಮುಟ್ಟಿದರೂ ಶಾಯಿ ಬೆರಳಿಗೆ ಬರುತ್ತಿತ್ತು, ಹನ್ನೆರಡೂ ಹೋದವು. ಈಗ ಕಾಗದ ತರುವ ಮೊದಲು ಮೂಲೆಯಲ್ಲಿ ಒಂದು ಅಚ್ಚು ಒತ್ತಿ, ಅರುವತ್ತು ಎಣಿಸಿ, ಬೆರಳಿನಿಂದ ಉಜ್ಜಿ ನೋಡುತ್ತೇನೆ. ಹರಡಿದರೆ ಆ ಕಾಗದ ಬೇಡ.

ಶಾಯಿ: ಆಫೀಸುಗಳಲ್ಲಿ ಬಳಸುವ ಸ್ಟ್ಯಾಂಪ್ ಪ್ಯಾಡ್‌ಗಳೇ ಸಾಕು. ನೇರಳೆ, ನೀಲಿ, ಹಸಿರು, ಕೆಂಪು, ಕಪ್ಪು ಎಲ್ಲ ಸ್ಟೇಷನರಿ ಅಂಗಡಿಗಳಲ್ಲೂ ಸಿಗುತ್ತವೆ. ಕರಕುಶಲ ಸಾಮಾನು ಮಾರುವ ಕಡೆ 'ಡೈ' ಮತ್ತು 'ಪಿಗ್ಮೆಂಟ್' ಎಂಬ ಎರಡು ಹೆಸರು ಕೇಳುತ್ತೀರಿ. ಡೈ ಶಾಯಿ ಕಾಗದದೊಳಗೆ ಇಂಗುತ್ತದೆ, ಬೇಗ ಒಣಗುತ್ತದೆ, ಕೆಳಗಿನ ಬಣ್ಣ ಅದರ ಮೂಲಕ ಕಾಣುತ್ತದೆ. ಪಿಗ್ಮೆಂಟ್ ಶಾಯಿ ಕಾಗದದ ಮೇಲೆಯೇ ಕೂರುತ್ತದೆ, ಗಾಢವಾಗಿರುತ್ತದೆ, ಒಣಗಲು ತಡ. ನಮ್ಮ ಈ ಕೆಲಸಕ್ಕೆ ಡೈ ಬೇಕು. ಆಫೀಸಿನ ಪ್ಯಾಡ್‌ಗಳು ಸಾಮಾನ್ಯವಾಗಿ ಅದೇ ಜಾತಿಯವು. ಒಂದು ತೊಂದರೆ ಉಂಟು. ಪ್ಯಾಡ್ ಒಣಗದೆ ಇರಲೆಂದು ಆ ಶಾಯಿಯಲ್ಲಿ ಗ್ಲಿಸರಿನ್ ಅಥವಾ ಗ್ಲೈಕಾಲ್ ಬೆರೆಸಿರುತ್ತಾರೆ. ಅವು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕಾರ್ಡ್ ಒಣಗುವುದೇ ಇಲ್ಲ ಎಂದು ದೂರುವವರು ಬಹಳ, ಕಾರಣ ಇದೇ. ಮಳೆಗಾಲದಲ್ಲಿ ಮಾಡಲೇಬೇಕಾದರೆ ಒಂದೊಂದು ಹಂತದ ನಡುವೆ ಅರ್ಧ ಗಂಟೆ ಫ್ಯಾನಿನ ಕೆಳಗಿಡಿ.

ಉಳಿದದ್ದು: ದೊಡ್ಡ ಅಳತೆಯ ಅಳಿಸುವ ರಬ್ಬರ್ ಮೂರು, ಹರಿತವಾದ ಪೇಪರ್ ಕಟರ್, ಬಟರ್ ಪೇಪರ್, 4ಬಿ ಪೆನ್ಸಿಲ್, ಹಿಂಬದಿ ಅಂಟಿರುವ ಚೀಟಿಗಳ ಕಟ್ಟು, ಪಾತ್ರೆ ಉಜ್ಜುವ ಹೊಸ ಸ್ಪಂಜು, ಸ್ಕೆಚ್ ಪೆನ್ನು, ಕಿತ್ತಳೆ ಬಣ್ಣದ ಪೋಸ್ಟರ್ ಕಲರ್, ಒದ್ದೆ ಬಟ್ಟೆ, ಮತ್ತು ಧಾರಾಳ ರದ್ದಿ ಕಾಗದ. ರದ್ದಿ ಕಾಗದದಲ್ಲಿ ಜಿಪುಣತನ ಮಾಡಬೇಡಿ, ಅರ್ಧ ಕೆಲಸ ಅದರ ಮೇಲೆಯೇ ನಡೆಯುತ್ತದೆ.

1. ಕಾರ್ಡ್ ಕತ್ತರಿಸಿ ಮಡಿಸಿ

ಎ4 ಹಾಳೆಯ ಉದ್ದ 29.7 ಸೆಂ.ಮೀ., ಅಗಲ 21 ಸೆಂ.ಮೀ. ಉದ್ದವನ್ನು ಸರಿ ನಡುವೆ ಕತ್ತರಿಸಿದರೆ ಎರಡು ತುಂಡು, ಒಂದೊಂದನ್ನೂ 10.5 ಸೆಂ.ಮೀ.ಗೆ ಮಡಿಸಿದರೆ ಎರಡು ಕಾರ್ಡ್. ಮಡಿಸುವ ಮೊದಲು ಸ್ಕೇಲಿಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಗೆರೆ ಎಳೆಯಿರಿ. ಹಾಗೇ ಮಡಿಸಿದರೆ ದಪ್ಪ ಕಾಗದ ಮಡಿಕೆಯಲ್ಲಿ ಬಿರಿಯುತ್ತದೆ. ಚಿತ್ರದ ಹಾಳೆಯನ್ನು 10 x 14.3 ಸೆಂ.ಮೀ.ಗೆ ಕತ್ತರಿಸಿ ಬದಿಗಿಡಿ.

ಚಿತ್ರವನ್ನು ಕಾರ್ಡಿನ ಮೇಲೆ ನೇರ ಒತ್ತದೆ ಬೇರೆ ಹಾಳೆಯಲ್ಲಿ ಏಕೆ ಎಂದರೆ, ಕೆಟ್ಟರೆ ಹಾಳೆ ಮಾತ್ರ ಹೋಗುತ್ತದೆ, ಕಾರ್ಡ್ ಉಳಿಯುತ್ತದೆ.

2. ಅಚ್ಚು ಕೊರೆಯಿರಿ

ಬೇಕಾದದ್ದು ನಾಲ್ಕು: ಕಂಗಿನ ದೊಡ್ಡ ತಲೆ (3 ಸೆಂ.ಮೀ. ಅಗಲ), ಸಣ್ಣ ತಲೆ (ಒಂದೂವರೆ ಸೆಂ.ಮೀ.), ಕಾಂಡ, ಮನೆ. ತಲೆ ಮತ್ತು ಕಾಂಡವನ್ನು ಬೇರೆಬೇರೆಯಾಗಿ ಕೊರೆಯುವುದರಲ್ಲೇ ಗುಟ್ಟು ಇರುವುದು. ಎರಡೂ ಒಂದೇ ಅಚ್ಚಿನಲ್ಲಿದ್ದರೆ ಎಲ್ಲ ಮರವೂ ಒಂದೇ ಎತ್ತರ. ಬೇರೆಯಾದರೆ ಕಾಂಡವನ್ನು ಒಂದರ ತುದಿಗೊಂದು ಸೇರಿಸಿ ಬೇಕಾದಷ್ಟು ಎತ್ತರಿಸಬಹುದು.

ಬಟರ್ ಪೇಪರಿನ ಮೇಲೆ 4ಬಿ ಪೆನ್ಸಿಲಿನಿಂದ ಚಿತ್ರ ಬರೆದು, ಅದನ್ನು ರಬ್ಬರಿನ ಮೇಲೆ ಬೋರಲು ಹಾಕಿ, ಉಗುರಿನಿಂದ ಉಜ್ಜಿ. ಚಿತ್ರ ರಬ್ಬರಿಗೆ ತಿರುಗುಮುರುಗಾಗಿ ಇಳಿಯುತ್ತದೆ. ಒತ್ತಿದಾಗ ಮತ್ತೆ ಸರಿಯಾಗುತ್ತದೆ.

ಕೊರೆಯುವಾಗ ಗೆರೆಯ ಎರಡೂ ಬದಿಯನ್ನು ಹೊರಗಿಳಿಜಾರಾಗಿ ಕತ್ತರಿಸಬೇಕು. ಗದ್ದೆಯ ಹುಣಿ ನೆನಪಿಸಿಕೊಳ್ಳಿ: ಮೇಲೆ ಕಿರಿದು, ಬುಡ ಅಗಲ. ಬ್ಲೇಡನ್ನು ಗೆರೆಯ ಅಡಿಗೆ ನುಗ್ಗಿಸಿದರೆ ಬುಡ ಟೊಳ್ಳಾಗಿ, ನಾಲ್ಕು ಸಲ ಒತ್ತುವುದರೊಳಗೆ ಸೋಗೆಯ ಎಸಳು ಕಿತ್ತುಬರುತ್ತದೆ. ಆಳ ಎರಡು ಮಿಲಿಮೀಟರ್ ಸಾಕು. ಬಾಗಿದ ಗೆರೆ ಬಂದಾಗ ಕೈ ತಿರುಗಿಸಬೇಡಿ, ರಬ್ಬರನ್ನೇ ತಿರುಗಿಸಿ. ಬ್ಲೇಡಿನ ಎದುರಿಗೆ ಇನ್ನೊಂದು ಕೈಯ ಬೆರಳು ಯಾವತ್ತೂ ಬರಕೂಡದು. ಶಾಲೆಯ ಮಕ್ಕಳಾದರೆ ದೊಡ್ಡವರೇ ಕೊರೆದು ಕೊಡಿ, ಒತ್ತುವ ಕೆಲಸ ಅವರಿಗಿರಲಿ.

ಇನ್ನು ಕಂಗಿನ ರೂಪ. ಹೆಚ್ಚಿನವರು ಬರೆಯುವ ಕಂಗು ತೆಂಗಿನ ಮರವಾಗಿಬಿಡುತ್ತದೆ. ಅಂಗಳಕ್ಕೆ ಇಳಿದು ಒಂದು ಮರವನ್ನು ಐದು ನಿಮಿಷ ನೋಡಿ. ಕಂಗಿನ ಕಾಂಡ ನೆಟ್ಟಗೆ, ಬುಡದಿಂದ ತಲೆಯವರೆಗೆ ಹೆಚ್ಚುಕಡಿಮೆ ಒಂದೇ ಗಾತ್ರ. ಸೋಗೆಯ ಬುಡದ ಹಾಳೆ ಕಳಚಿಬಿದ್ದ ಕಡೆಯೆಲ್ಲ ಉಂಗುರದಂಥ ಗುರುತು. ಹಳೆಯ ಮರದಲ್ಲಿ ಮೇಲೆ ಹೋದಂತೆ ಉಂಗುರಗಳು ಹತ್ತಿರ ಹತ್ತಿರವಾಗುತ್ತವೆ. ಕಾಂಡ ಮುಗಿದ ಕೂಡಲೇ ಸೋಗೆ ಶುರುವಾಗುವುದಿಲ್ಲ. ನಡುವೆ ಹಸಿರು ಹಾಳೆಗಳು ಒಂದನ್ನೊಂದು ಸುತ್ತಿಕೊಂಡ ನುಣುಪಾದ ಕೊಳವೆ ಇದೆ. ತೆಂಗಿಗೆ ಅದಿಲ್ಲ. ನಿಮ್ಮ ತಲೆಯ ಅಚ್ಚಿನ ಕೆಳಗೆ ಆ ಕೊಳವೆಯನ್ನು, ಕಾಂಡಕ್ಕಿಂತ ಚೂರೇ ದಪ್ಪವಾಗಿ, ಒಂದು ಸೆಂಟಿಮೀಟರಿನಷ್ಟು ಬಿಡಿ. ಅದರ ಮೇಲೆ ಎಂಟೊಂಬತ್ತು ಸೋಗೆ, ತುದಿ ಬಾಗಿರಲಿ. ಕೊಳವೆ ಇದ್ದರೆ ಕಾಸರಗೋಡಿನವರು ನೋಡಿದ ತಕ್ಷಣ "ಕಂಗು" ಎನ್ನುತ್ತಾರೆ, ಇಲ್ಲದಿದ್ದರೆ ಎಷ್ಟು ಚೆನ್ನಾಗಿ ಕೊರೆದರೂ ತೆಂಗು.

ಕಾಂಡಕ್ಕೆ ರಬ್ಬರಿನ ಉದ್ದದ ಒಂದು ಅಂಚಿನಲ್ಲಿ 4 ಮಿ.ಮೀ. ಅಗಲದ ಪಟ್ಟಿ, ಇನ್ನೊಂದು ಅಂಚಿನಲ್ಲಿ 2 ಮಿ.ಮೀ. ಪಟ್ಟಿ ಬಿಟ್ಟು ನಡುವಿನದ್ದನ್ನು ಆಳವಾಗಿ ತೆಗೆದುಬಿಡಿ. ಹತ್ತಿರದ ಮರಕ್ಕೆ ದಪ್ಪ ಅಂಚು, ದೂರದ್ದಕ್ಕೆ ಸಪೂರ ಅಂಚು. ಪಟ್ಟಿಗೆ ಅಡ್ಡವಾಗಿ ಬ್ಲೇಡಿನಿಂದ ಕಚ್ಚು ಹಾಕಿದರೆ ಅವು ಬಿಳಿ ಉಂಗುರಗಳಾಗಿ ಮೂಡುತ್ತವೆ.

ಮನೆ ಸುಲಭ. 3 ಸೆಂ.ಮೀ. ಅಗಲದ ಮಾಡು, ಮೇಲೆ ಕಿರಿದು ಕೆಳಗೆ ಅಗಲ, ಹೆಂಚಿನ ಸಾಲಿಗೆ ನಾಲ್ಕು ಸಪೂರ ಗೆರೆ. ಮಾಡಿನ ಕೆಳಗೆ ಎರಡು ಕಂಬ, ನಡುವೆ ಬಾಗಿಲು. ಗೋಡೆ ಖಾಲಿ, ಕಾಗದದ ಬಿಳಿಯೇ ಸುಣ್ಣದ ಗೋಡೆ.

ಕೊರೆಯಲು ಆಗದವರು ಚಿತ್ರ ಬರೆದುಕೊಂಡು ಸೀಲ್ ಮಾಡುವ ಅಂಗಡಿಗೆ ಹೋಗಬಹುದು. ಒಂದು ಮಾತು ಮಾತ್ರ ಸ್ಪಷ್ಟವಾಗಿ ಹೇಳಿ: ಒಳಗೇ ಶಾಯಿ ತುಂಬಿದ ಸೀಲ್ ಬೇಡ, ಬರೀ ಹಿಡಿ ಇರುವ ಸೀಲ್ ಬೇಕು. ಶಾಯಿ ತುಂಬಿದ್ದರಲ್ಲಿ ಪ್ರತಿಸಲವೂ ಒಂದೇ ಗಾಢತೆ ಬರುತ್ತದೆ, ನಮಗೆ ಬೇಕಾದ ತೆಳು ಅಚ್ಚು ಬರುವುದೇ ಇಲ್ಲ.

3. ಶಾಯಿ ಹಿಡಿಸುವುದನ್ನು ಕಲಿಯಿರಿ

ಅಚ್ಚನ್ನು ಪ್ಯಾಡಿನ ಮೇಲೆ ಗುದ್ದಬೇಡಿ. ಅಚ್ಚನ್ನು ಮೇಲ್ಮುಖವಾಗಿ ಮೇಜಿನ ಮೇಲಿಟ್ಟು, ಪ್ಯಾಡನ್ನೇ ಬೋರಲು ಹಿಡಿದು ಮೆಲ್ಲ ತಟ್ಟಿ. ಆಗ ಎಲ್ಲಿಗೆ ಶಾಯಿ ಹತ್ತಿದೆ, ಎಲ್ಲಿಗೆ ಇಲ್ಲ ಎಂದು ಕಾಣುತ್ತದೆ. ಕೊರೆದ ಗುಂಡಿಗಳಿಗೆ ಶಾಯಿ ಇಳಿಯುವುದಿಲ್ಲ.

ಒತ್ತುವಾಗ ಅಚ್ಚನ್ನು ಅತ್ತಿತ್ತ ಆಡಿಸಬಾರದು. ನೇರ ಇಳಿಸಿ, ಎಲ್ಲ ಕಡೆ ಸಮನಾಗಿ ಒತ್ತಿ, ನೇರ ಎತ್ತಿ. ಕಾಗದದ ಕೆಳಗೆ ಹಳೆಯ ನಾಲ್ಕೈದು ಪತ್ರಿಕೆ ಮಡಿಸಿಟ್ಟರೆ ಅಚ್ಚು ಪೂರ್ತಿ ಕೂರುತ್ತದೆ. ಹೊಸ ರಬ್ಬರಿಗೆ ಶಾಯಿ ಹನಿಹನಿಯಾಗಿ ನಿಂತರೆ ಅದರ ಮೇಲೆ ಎಣ್ಣೆಯಂಥ ಪದರ ಇದೆ ಎಂದರ್ಥ. ಅತಿ ನುಣುಪಿನ ಉಪ್ಪುಕಾಗದದಲ್ಲಿ ಎರಡು ಸಲ ಹಗುರವಾಗಿ ಸವರಿದರೆ ಸರಿಯಾಗುತ್ತದೆ.

ಈಗ ಮುಖ್ಯ ಪಾಠ. ಒಮ್ಮೆ ಶಾಯಿ ಹಿಡಿಸಿ, ಮತ್ತೆ ಶಾಯಿ ಹಾಕದೆ ಮೂರು ಸಲ ಸಾಲಾಗಿ ರದ್ದಿ ಕಾಗದದ ಮೇಲೆ ಒತ್ತಿ. ಮೊದಲ ಒತ್ತು ಗಾಢ, ಎರಡನೆಯದು ತೆಳು, ಮೂರನೆಯದು ಮಂಜಿನೊಳಗೆ ಕಂಡಷ್ಟು ಮಸುಕು. ನಿಮ್ಮ ಮೂರು ದೂರಗಳು ಇವೇ. ಇಷ್ಟು ಹೇಳಿದರೆ ಹೆಚ್ಚಿನವರ ಅರ್ಧ ಸಮಸ್ಯೆ ಮುಗಿಯುತ್ತದೆ.

4. ಮನೆ ಮೊದಲು, ಆಮೇಲೆ ಮರೆ

ಮನೆಯ ಹಿಂದೆ ಮರಗಳು ಬರಬೇಕು. ಮರಗಳನ್ನು ಮೊದಲು ಒತ್ತಿ ಮೇಲೆ ಮನೆ ಒತ್ತಿದರೆ ಬಿಳಿ ಗೋಡೆಯ ಮೇಲೆ ಕಾಂಡ ಹಾದುಹೋಗುತ್ತದೆ, ಹಸಿರಿನ ಮೇಲೆ ಬಿದ್ದ ಕೆಂಪು ಕೆಸರಿನ ಬಣ್ಣವಾಗುತ್ತದೆ. ಆದ್ದರಿಂದ ಮನೆಯನ್ನೇ ಮೊದಲು ಒತ್ತಿ: ಹಾಳೆಯನ್ನು ಉದ್ದಕ್ಕೆ ನಿಲ್ಲಿಸಿ, ಅಡಿಯಿಂದ 5 ಸೆಂ.ಮೀ. ಮೇಲೆ, ನಡುವಿನಿಂದ ಸ್ವಲ್ಪ ಬಲಕ್ಕೆ. ಮಾಡಿಗೆ ಕೆಂಪು ಪ್ಯಾಡ್. ಕಂಬ, ಬಾಗಿಲಿಗೆ ಕಪ್ಪು ಸ್ಕೆಚ್ ಪೆನ್ನನ್ನು ಅಚ್ಚಿನ ಮೇಲೆಯೇ ಹಚ್ಚಿ. ಸ್ಕೆಚ್ ಪೆನ್ ಬೇಗ ಒಣಗುತ್ತದೆ, ಆದ್ದರಿಂದ ಒತ್ತುವ ಮುಂಚೆ ಬಾಯಿ ತೆರೆದು "ಹಾ" ಎಂದು ಅಚ್ಚಿನ ಮೇಲೆ ಉಸಿರು ಬಿಡಿ, ಶಾಯಿ ಮತ್ತೆ ಒದ್ದೆಯಾಗುತ್ತದೆ.

ಅದೇ ಮನೆಯನ್ನು ಅಂಟು ಚೀಟಿಯ ಮೇಲೆ, ಅಂಟಿರುವ ಅಂಚಿನ ಹತ್ತಿರ, ಇನ್ನೊಮ್ಮೆ ಒತ್ತಿ ಕತ್ತರಿಸಿ. ಇದೇ ಮರೆ, ಬಲ್ಲವರು ಮಾಸ್ಕ್ ಎನ್ನುತ್ತಾರೆ. ಕತ್ತರಿ ಗೆರೆಯ ಮೇಲೆಯೇ ಹೋಗಬೇಕು. ಮರೆ ದೊಡ್ಡದಾದರೆ ಮನೆಯ ಸುತ್ತ ಬಿಳಿ ಅಂಚು ಉಳಿಯುತ್ತದೆ, ಸಣ್ಣದಾದರೆ ಮರ ಮಾಡಿನ ಮೇಲೆ ಹತ್ತುತ್ತದೆ. ದಪ್ಪ ಕಾಗದದ ಮರೆಯೂ ಬೇಡ, ಅದರ ಅಂಚಿನಲ್ಲಿ ಅಚ್ಚು ಕಾಗದಕ್ಕೆ ತಾಗದೆ ಎತ್ತರಿಸಿ ನಿಲ್ಲುತ್ತದೆ.

ಒತ್ತಿದ ಮನೆ ಪೂರ್ತಿ ಒಣಗಿದ ಮೇಲೆಯೇ ಮರೆಯನ್ನು ಮೇಲೆ ಕೂರಿಸಿ. ಅವಸರ ಮಾಡಿದರೆ ಮಾಡಿನ ಕೆಂಪು ಚೀಟಿಗೆ ಅಂಟಿಕೊಂಡು ಬರುತ್ತದೆ.

5. ಆಕಾಶ, ಗುಡ್ಡೆ, ಮಂಜು

ಸ್ಪಂಜನ್ನು ಹೆಬ್ಬೆರಳಿನಷ್ಟು ತುಂಡುಗಳಾಗಿ ಕತ್ತರಿಸಿ, ಬಣ್ಣಕ್ಕೊಂದು. ಹಳದಿ ಪ್ಯಾಡ್ ಸಾಮಾನ್ಯವಾಗಿ ಸಿಗುವುದಿಲ್ಲ. ಹಳದಿ ಸ್ಕೆಚ್ ಪೆನ್ನನ್ನು ಪ್ಲಾಸ್ಟಿಕ್ ತುಂಡಿನ ಮೇಲೆ ಗೀಚಿ, ನೀರು ಸೋಕಿಸಿ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಅದನ್ನು ಒರೆಸಿಕೊಳ್ಳಿ. ಮೊದಲ ಎರಡು ಉಜ್ಜು ರದ್ದಿ ಕಾಗದಕ್ಕೆ, ಆಮೇಲೆ ಚಿತ್ರಕ್ಕೆ. ಹಾಳೆಯ ಹೊರಗಿನಿಂದ ಶುರುಮಾಡಿ ಸಣ್ಣ ಸಣ್ಣ ಸುತ್ತು ಹಾಕುತ್ತಾ ಒಳಗೆ ಬನ್ನಿ. ಸ್ಪಂಜು ಮೊದಲು ಮುಟ್ಟಿದ ಜಾಗದಲ್ಲಿ ಕಲೆ ಕೂರುತ್ತದೆ, ಆ ಕಲೆ ಹಾಳೆಯ ಹೊರಗೇ ಬೀಳಲಿ. ಮಾಡಿಗಿಂತ ಸ್ವಲ್ಪ ಮೇಲೆ ಹಳದಿ, ತುದಿಗೆ ಹೋದಂತೆ ತೀರಾ ತೆಳು ನೀಲಿ. ತೆಳು ಬಣ್ಣ ಯಾವಾಗಲೂ ಮೊದಲು. ಗಾಢವನ್ನು ಮತ್ತೆ ತೆಳು ಮಾಡಲು ಬರುವುದಿಲ್ಲ.

ಗುಡ್ಡೆಗೆ ಒಂದು ಬಿಳಿ ಕಾಗದವನ್ನು ಕೈಯಿಂದ ಏರಿಳಿತವಾಗಿ ಹರಿಯಿರಿ. ಹರಿದ ಅಂಚು ಕೆಳಗೆ ಬರುವಂತೆ, ಆಕಾಶ ಮುಚ್ಚುವಂತೆ ಇಡಿ. ನೇರಳೆ ಶಾಯಿಯ ಸ್ಪಂಜನ್ನು ಆ ಕಾಗದದ ಮೇಲಿಂದ ಶುರುಮಾಡಿ ಅಂಚು ದಾಟಿಸಿ ಕೆಳಕ್ಕೆ ತನ್ನಿ. ಗುಡ್ಡೆಯ ನೆತ್ತಿ ಗಾಢ, ಕೆಳಗಿಳಿದಂತೆ ಬಣ್ಣ ಕರಗಿ ಬಿಳಿಯಾಗುತ್ತದೆ. ಆ ಬಿಳಿಯೇ ಮಂಜು. ಅದನ್ನು ತುಂಬಿಸಲು ಹೋಗಬೇಡಿ. ಇಲ್ಲಿ ಹೆಚ್ಚಿನವರ ಕೈ ನಿಲ್ಲುವುದಿಲ್ಲ, ಖಾಲಿ ಕಂಡಲ್ಲೆಲ್ಲ ಬಣ್ಣ ಬಳಿದು ಮಂಜನ್ನೇ ಓಡಿಸಿಬಿಡುತ್ತಾರೆ.

6. ತೋಟ

ಮನೆಗೆ ಮರೆ ಹಾಕಿದೆವು. ಮರಗಳಿಗೂ ಒಂದೊಂದಕ್ಕೆ ಮರೆ ಕತ್ತರಿಸಬೇಕೇ ಎಂದು ಕೇಳುತ್ತಾರೆ. ಬೇಡ. ಒಳಗೆ ಬಿಳಿ ಇಲ್ಲದ, ಪೂರ್ತಿ ತುಂಬಿದ ಆಕಾರಗಳಿಗೆ ತೆಳುವಿನಿಂದ ಗಾಢಕ್ಕೆ ಹೋದರೆ ಸಾಕು. ಗಾಢ ಮರ ತೆಳು ಮರವನ್ನು ತಾನೇ ಮುಚ್ಚುತ್ತದೆ. ಮರೆ ಬೇಕಾಗುವುದು ಮನೆಯಂಥ ಬಿಳಿ ಭಾಗ ಇರುವ ವಸ್ತುವಿಗೆ, ಅಥವಾ ಹಿಂದಿನದಕ್ಕಿಂತ ತೆಳು ಬಣ್ಣದ್ದು ಮುಂದೆ ಬರುವಾಗ. ಆದ್ದರಿಂದ ಮರಗಳಲ್ಲಿ ದೂರದ್ದೇ ಮೊದಲು.

ದೂರದ ಸಾಲು: ಸಣ್ಣ ತಲೆ, ಸಪೂರ ಕಾಂಡ, ನೀಲಿ ಶಾಯಿ, ಮೂರನೇ ಒತ್ತು. ಎರಡು ಒತ್ತನ್ನು ರದ್ದಿಗೆ ಕೊಟ್ಟು ಮೂರನೆಯದನ್ನು ಚಿತ್ರಕ್ಕೆ. ದೂರದ್ದೆಲ್ಲ ನಮ್ಮ ಕಣ್ಣಿಗೆ ನೀಲಿಗೆ ತಿರುಗಿಯೇ ಕಾಣುವುದು, ಹಸಿರು ಬೇಡ. ಕಾಂಡಕ್ಕೆ ಶಾಯಿ ಹಿಡಿಸಿದ ಮೇಲೆ ಅಚ್ಚಿನ ಕೆಳಗಿನ ಅರ್ಧವನ್ನು ಬಟ್ಟೆಯಿಂದ ಒರೆಸಿ, ಆಮೇಲೆ ಒತ್ತಿ. ಬುಡವಿಲ್ಲದ ಕಾಂಡಗಳು ಮಂಜಿನಿಂದ ಎದ್ದು ನಿಂತ ಹಾಗೆ ಬರುತ್ತವೆ. ಇಡೀ ಕಾರ್ಡಿನಲ್ಲಿ ನನಗೆ ಅತಿ ಇಷ್ಟದ ಗಳಿಗೆ ಇದು.

ನಡುವಿನ ಸಾಲು: ಸಣ್ಣ ತಲೆಯೇ, ಹಸಿರು, ಎರಡನೇ ಒತ್ತು, ಬುಡ ಮನೆಯ ಅಡಿಪಾಯದ ಮಟ್ಟಕ್ಕೆ. ಇವುಗಳಲ್ಲಿ ಒಂದೆರಡು ಮರ ಮನೆಯ ಮರೆಯ ಮೇಲೆ ಹಾದುಹೋಗಲಿ. ಮರೆ ತೆಗೆದಾಗ ಅವು ಮಾಡಿನ ಹಿಂದಿನಿಂದ ಎದ್ದುಬರುತ್ತವೆ.

ಈಗ ಮರೆ ತೆಗೆಯಿರಿ. ಹತ್ತಿರದ ಮರಗಳು: ದೊಡ್ಡ ತಲೆ, ದಪ್ಪ ಕಾಂಡ, ಮೊದಲ ಒತ್ತು. ತಲೆಗೆ ಹಸಿರು ಹಿಡಿಸಿ, ಅದರ ಕೆಳ ಅಂಚಿಗೆ ಕಪ್ಪು ಸ್ಕೆಚ್ ಪೆನ್ ಸ್ವಲ್ಪ ತಾಗಿಸಿ, ಕಾಂಡಕ್ಕೆ ಕಪ್ಪು. ಎಡಗಡೆ ಎರಡು, ಬಲಗಡೆ ಒಂದು ಸಾಕು. ಬುಡ ಹಾಳೆಯ ಕೆಳ ಅಂಚಿನ ಹೊರಗೆ ಹೋಗಲಿ, ಒಂದು ಮರದ ತಲೆ ಮೇಲಿನ ಅಂಚಿನಲ್ಲಿ ಕತ್ತರಿಸಿಹೋಗಲಿ. ಎಲ್ಲವನ್ನೂ ಹಾಳೆಯೊಳಗೇ ಹಿಡಿಸಿದರೆ ತೋಟದ ಒಳಗೆ ನಿಂತು ನೋಡಿದ ಹಾಗೆ ಅನಿಸುವುದಿಲ್ಲ.

ಅಂತರದ ಬಗ್ಗೆ ಒಂದು ಮಾತು. ತೋಟದಲ್ಲಿ ಕಂಗು ನೆಡುವುದು ಸಾಲು ಹಿಡಿದು, ಸುಮಾರು 2.7 ಮೀಟರ್ ಅಂದರೆ ಒಂಬತ್ತು ಅಡಿ ಬಿಟ್ಟು. ಆದರೆ ನಿಂತು ನೋಡಿದರೆ ಹತ್ತಿರದ ಮರಗಳ ನಡುವೆ ಅಗಲ ಸಂದು, ದೂರದವು ಒತ್ತೊತ್ತಾಗಿ. ಕಾರ್ಡಿನಲ್ಲೂ ಹತ್ತಿರದವುಗಳ ನಡುವೆ 3 ಸೆಂ.ಮೀ. ಬಿಟ್ಟರೆ ದೂರದವುಗಳ ನಡುವೆ ಅರ್ಧ ಸೆಂಟಿಮೀಟರ್ ಸಾಕು.

ಬಣ್ಣ ಬದಲಿಸುವಾಗಲೆಲ್ಲ ಅಚ್ಚನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ನೀರು ತೆಗೆಯಿರಿ. ಒದ್ದೆ ಉಳಿದರೆ ಸೋಗೆಯ ಎಸಳುಗಳು ಕೂಡಿಕೊಂಡು ಮುದ್ದೆಯಾಗುತ್ತವೆ.

7. ಸಂಕ ಮತ್ತು ನೀರು

ಸಂಕಕ್ಕೆ ಬೇರೆ ಅಚ್ಚು ಬೇಡ. ನಿಜವಾದ ಸಂಕವನ್ನೂ ಕಂಗಿನ ಮರ ಅಡ್ಡ ಹಾಕಿಯೇ ಅಲ್ಲವೇ ಮಾಡುವುದು? ಅದೇ ಕಾಂಡದ ಅಚ್ಚನ್ನು ಅಡ್ಡಕ್ಕೆ ತಿರುಗಿಸಿ, ಅಡಿಯಿಂದ ಎರಡೂವರೆ ಸೆಂ.ಮೀ. ಮೇಲೆ, ಒಂದರ ಕೆಳಗೊಂದು ಎರಡು ಸಲ ಒತ್ತಿ. ಕೈಹಿಡಿಗೆ ಸಪೂರ ಅಂಚಿನಿಂದ ಇನ್ನೊಂದು ಗೆರೆ.

ಸಂಕದ ಕೆಳಗೆ ನೀಲಿ ಸ್ಪಂಜನ್ನು ಅಡ್ಡಡ್ಡ ಎಳೆಯಿರಿ. ಡಿಸೆಂಬರಿನಲ್ಲಿ ನಮ್ಮ ತೋಡುಗಳಿಗೆ ಕಲ್ಲುಮಣ್ಣಿನ ಕಟ್ಟ ಹಾಕಿ ನೀರು ನಿಲ್ಲಿಸುವ ಪದ್ಧತಿ ಇದೆ. ನಮ್ಮ ಕಡೆಯ ಏತಡ್ಕ ಊರಿನ ಕಟ್ಟಗಳನ್ನು ನೋಡಿದವರಿಗೆ ಗೊತ್ತು, ಅಷ್ಟು ನಿಶ್ಚಲವಾದ ನೀರಿನಲ್ಲಿ ಕಂಗು ತಲೆಕೆಳಗಾಗಿ ಕಾಣುತ್ತದೆ. ಅದನ್ನು ತೋರಿಸಬೇಕಾದರೆ ಕಾಂಡದ ಮೂರನೇ ಒತ್ತನ್ನು ಸಂಕದ ಕೆಳಗೆ ಮೇಲಿನ ಮರಗಳ ನೇರಕ್ಕೇ ಇಳಿಸಿ. ಒಂದು ಮಿಲಿಮೀಟರ್ ಅತ್ತಿತ್ತ ಆದರೂ ಕಣ್ಣಿಗೆ ಚುಚ್ಚುತ್ತದೆ, ಆದ್ದರಿಂದ ಕೈ ಪಳಗುವವರೆಗೆ ಇದನ್ನು ಬಿಟ್ಟರೂ ನಡೆಯುತ್ತದೆ.

8. ಹಣ್ಣಡಕೆ

ಹತ್ತಿರದ ಮರಗಳಲ್ಲಿ ಹಸಿರು ಕೊಳವೆಯ ಕೆಳಗೆ, ಕಾಂಡದ ಬದಿಯಲ್ಲಿ ಗೊನೆ. ಗುಂಡುಸೂಜಿಯ ತಲೆಯನ್ನು ಕಿತ್ತಳೆ ಪೋಸ್ಟರ್ ಕಲರಿನಲ್ಲಿ ಅದ್ದಿ ಹತ್ತು ಹನ್ನೆರಡು ಚುಕ್ಕೆ. ಪ್ಯಾಡಿನ ಶಾಯಿ ಪಾರದರ್ಶಕವಾದ್ದರಿಂದ ಕಪ್ಪು-ಹಸಿರಿನ ಮೇಲೆ ಕಾಣುವುದಿಲ್ಲ. ಪೋಸ್ಟರ್ ಕಲರ್ ಕೆಳಗಿನ ಬಣ್ಣವನ್ನು ಮುಚ್ಚುತ್ತದೆ. ಚುಕ್ಕೆಗಳು ಸೋಗೆಯ ನಡುವೆ ಬಿದ್ದರೆ ತೋಟದವರು ಒಪ್ಪುವುದಿಲ್ಲ, ಜಾಗ ನೋಡಿ ಇಡಿ. ದೂರದ ಮರಗಳಿಗೆ ಗೊನೆ ಬೇಡ.

9. ಅಂಟಿಸಿ, ಬರೆಯಿರಿ

ಹಾಳೆ ಪೂರ್ತಿ ಒಣಗಿದ ಮೇಲೆ ಎರಡೂ ಬದಿ ಅಂಟಿರುವ ಟೇಪಿನಿಂದ ಕಾರ್ಡಿಗೆ ಅಂಟಿಸಿ. ಫೆವಿಕಾಲ್ ಮಾತ್ರ ಇದ್ದರೆ ಕಡ್ಡಿಯಿಂದ ಸಪೂರ ಗೆರೆಯಷ್ಟೇ ಹಚ್ಚಿ, ರಾತ್ರಿಯಿಡೀ ದಪ್ಪ ಪುಸ್ತಕಗಳ ಅಡಿಯಲ್ಲಿಡಿ. ಜಾಸ್ತಿ ಹಚ್ಚಿದರೆ ಅದರ ನೀರಿಗೆ ಹಾಳೆ ಸುರುಳುತ್ತದೆ.

ಶುಭಾಶಯದ ಅಕ್ಷರಗಳನ್ನು ರಬ್ಬರಿನಲ್ಲಿ ಕೊರೆಯಬೇಕೇ ಎಂದು ಕೇಳುವವರಿದ್ದಾರೆ. 'ಶುಭಾಶಯ'ದ ಕೊಂಬು, ಸುಳಿಗಳನ್ನು ಬ್ಲೇಡಿನಲ್ಲಿ ತೆಗೆಯುವುದು ಕಷ್ಟ, ಬೇಡ. ಒಳಗಡೆ ನಿಮ್ಮ ಕೈಬರಹದಲ್ಲೇ ಕನ್ನಡದಲ್ಲಿ ಬರೆಯಿರಿ. ದುಬಾಯಿಯಲ್ಲೋ ಬೆಂಗಳೂರಿನಲ್ಲೋ ಇರುವವರು ಮೊದಲು ಗುರುತು ಹಿಡಿಯುವುದು ಆ ಕೈಬರಹವನ್ನು.

ಪ್ಯಾಡಿನ ಶಾಯಿಗೆ ನೀರು ಸೋಕಿದರೆ, ಅದರಲ್ಲೂ ನೇರಳೆಗೆ, ಬಣ್ಣ ಹರಡುತ್ತದೆ. ಅಂಚೆಗೆ ಹಾಕುವಾಗ ಚಿತ್ರದ ಮೇಲೆ ಒಂದು ತುಂಡು ಬಟರ್ ಪೇಪರ್ ಇಟ್ಟು, 11.4 x 16.2 ಸೆಂ.ಮೀ. ಲಕೋಟೆಗೆ ಸೇರಿಸಿ. ಲಕೋಟೆಯ ಅಂಚಿಗೆ ಅಂಟು ಸವರುವಾಗ ಒದ್ದೆ ಬೆರಳಿನಿಂದ ಕಾರ್ಡ್ ಮುಟ್ಟಬೇಡಿ.

ಅಚ್ಚುಗಳನ್ನು ಸೋಪಿನ ನೀರಿನಲ್ಲಿ ತೊಳೆದು, ಒರೆಸಿ, ಒಂದೊಂದನ್ನೂ ಬಿಳಿ ಕಾಗದದಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಡಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಗೇ ಹಾಕಿದರೆ ಈ ರಬ್ಬರುಗಳು ಬೇಸಿಗೆಯ ಸೆಕೆಗೆ ಮೆತ್ತಗಾಗಿ ಡಬ್ಬಿಗೇ ಅಂಟಿಕೊಳ್ಳುತ್ತವೆ, ಎಬ್ಬಿಸಲು ಹೋದರೆ ಸೋಗೆ ಕಿತ್ತುಹೋಗುತ್ತದೆ.